ಅಲುಗಾಡದೆ ಮಲಗಿ

ನನ್ನ ಅಳಿಯನ ಕೈಯಲ್ಲಿ ಒಂದು ಗಡಿಯಾರವಿದೆ. ಗಂಟೆ ತೋರಿಸುವುದು ಅದರ ಮುಖ್ಯ ಕೆಲಸವಲ್ಲವಂತೆ. ಮೊನ್ನೆ ಸೋಫಾದ ಮೇಲೆ ಕಾಲು ಚಾಚಿ ಕೂತವನು, "ಅತ್ತೆ, ಏನೂ ಮಾಡದೆ ಕೂತಿದ್ರೂ ನನ್ನ ಮೈ ಬೆಳಿಗ್ಗೆಯಿಂದ ಆರುನೂರು ಕ್ಯಾಲೊರಿ ಸುಟ್ಟಿದೆ ನೋಡಿ" ಅಂದ. ಏನೂ ಮಾಡದೆ ಕೂರುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ. ಆದರೆ ಆ ಲೆಕ್ಕ ಕೇಳಿ ತಡೆಯಲಾಗಲಿಲ್ಲ. "ಅದು ಯಾರ ಮೈ ಅಳೆದು ಕಲಿತದ್ದಪ್ಪ?" ಎಂದು ಕೇಳಿದೆ. ಅವನು ನಕ್ಕ.

ನಗಲಿ ಬಿಡಿ. ಒಂದಲ್ಲ ಎರಡಲ್ಲ, ಮೂವತ್ತೊಂದು ವರ್ಷ ನಾನು ಮಾಡಿದ್ದು ಇದೇ ಕೆಲಸ. ಜನ ಏನೂ ಮಾಡದೆ ಬಿದ್ದುಕೊಂಡಿರುವಾಗ ಅವರ ಮೈ ಎಷ್ಟು ಸುಡುತ್ತದೆ ಎಂದು ಅಳೆಯುವುದು. ನೀವು ಬೆರಳು ಎತ್ತದಿದ್ದರೂ ಎದೆ ಬಡಿಯಬೇಕು, ಉಸಿರಾಡಬೇಕು, ಮೈ ಬೆಚ್ಚಗಿರಬೇಕು. ಅದಕ್ಕೆಲ್ಲ ಉರುವಲು ಬೇಕಲ್ಲ? ಅದೇ ಅಳತೆ. ಆಗಿನ ಯಂತ್ರ ಅರ್ಧ ಕೋಣೆ ತುಂಬುತ್ತಿತ್ತು. ಮಲಗಿದವರ ತಲೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮುಸುಕು ಇಡುತ್ತಿದ್ದೆವು. ಅದರಿಂದ ಹೊರಟ ರಬ್ಬರ್ ಕೊಳವೆ ಅವರು ಬಿಟ್ಟ ಉಸಿರನ್ನು ಪರದೆಯ ಹಿಂದಿದ್ದ ಯಂತ್ರಕ್ಕೆ ಒಯ್ಯುತ್ತಿತ್ತು. ನಾನು ಅಲ್ಲಿ ಸ್ಟೂಲಿನ ಮೇಲೆ ಕೂತು ನಿಮಿಷಕ್ಕೊಮ್ಮೆ ಮುಳ್ಳು ನೋಡಿ ಬರೆಯುತ್ತಿದ್ದೆ.

ಆಸ್ಪತ್ರೆಯ ಹಿಂಭಾಗದಲ್ಲಿ, ಎರಡನೇ ಮಹಡಿಯ ಕೊನೆಯ ಕೋಣೆ ಅದು. ಒಂದು ಕಬ್ಬಿಣದ ಮಂಚ, ಹಸಿರು ಪರದೆ, ತೂಕದ ಯಂತ್ರ, ಗೋಡೆಯ ಮೇಲೆ ಥರ್ಮಾಮೀಟರ್. ಬೆಳಗಿನ ಆರು ಗಂಟೆಗೆ ಕಿಟಕಿಯಿಂದ ಬಿಸಿಲು ಓರೆಯಾಗಿ ಬಂದು ಮಂಚದ ಕಾಲಿಗೆ ಬೀಳುತ್ತಿತ್ತು. ಕೆಳಗಿನ ಬಟ್ಟೆ ಒಗೆಯುವ ಶೆಡ್ಡಿನಿಂದ ಸೋಡಾ ಮತ್ತು ಬಿಸಿ ಆವಿಯ ವಾಸನೆ ಮೇಲೇರಿ ಬರುತ್ತಿತ್ತು. ಆಗ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಈಗ ಯಾರ ಮನೆಯಲ್ಲಾದರೂ ಆ ವಾಸನೆ ಬಂದರೆ ಬಾಗಿಲಲ್ಲೇ ನಿಂತುಬಿಡುತ್ತೇನೆ. ನನ್ನ ಇಪ್ಪತ್ಮೂರನೇ ವಯಸ್ಸು ಆ ವಾಸನೆಯಲ್ಲೇ ಇದೆ.

ಆ ಶೆಡ್ಡಿನಲ್ಲಿ ನನ್ನ ಚಿಕ್ಕಮ್ಮ ಕೆಲಸ ಮಾಡುತ್ತಿದ್ದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ, ಓದಿಸಿ, ಈ ಕೆಲಸಕ್ಕೆ ಅರ್ಜಿ ತಂದುಕೊಟ್ಟವಳು ಅವಳೇ. ಬೆಳಿಗ್ಗೆ ಐದೂವರೆಗೆ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದೆವು. ಗೇಟಿನ ಹತ್ತಿರ ಬಂದ ಕೂಡಲೇ ಅವಳು ಎರಡು ಹೆಜ್ಜೆ ಹಿಂದೆ ಸರಿದು, "ಹೋಗಿ ಮೇಡಂ" ಎಂದು ನನ್ನನ್ನು ಛೇಡಿಸುತ್ತಿದ್ದಳು. ನನ್ನದು ಇನ್ನೂ ತಾತ್ಕಾಲಿಕ ಕೆಲಸ. ಆ ವರ್ಷದ ಕೊನೆಗೆ ಖಾಯಂ ಮಾಡುತ್ತೇವೆ ಎಂದಿದ್ದರು. ಚಿಕ್ಕಮ್ಮ ಖಾಯಂ ಅನ್ನುವ ಪದವನ್ನು ದೇವರ ಹೆಸರಿನ ಹಾಗೆ ಹೇಳುತ್ತಿದ್ದಳು.

ನಮ್ಮ ಡಾಕ್ಟರನ್ನು ಎಲ್ಲರೂ ಬೆನ್ನ ಹಿಂದೆ ಪಾಯಿಂಟ್ ಸಾರ್ ಎನ್ನುತ್ತಿದ್ದರು. ಎಷ್ಟು ಜನ ಬಂದಿದ್ದಾರೆ ಎಂದು ಕೇಳಿದರೂ ಪಾಯಿಂಟ್ ಹಾಕದೆ ಉತ್ತರ ಕೊಡುತ್ತಿರಲಿಲ್ಲ ಅನ್ನುವುದು ಅವರ ಮೇಲಿನ ತಮಾಷೆ. ಅವರ ಜಗಳವೆಲ್ಲ ಒಂದು ಸೂತ್ರದ ಜೊತೆ. ತೂಕ, ಎತ್ತರ, ವಯಸ್ಸು ಹಾಕಿದರೆ ಮೈಗೆ ಎಷ್ಟು ಬೇಕು ಎಂದು ಅಳೆಯದೆಯೇ ಹೇಳುವ ಸೂತ್ರ ಅದು. "ಯಾವುದೋ ದೇಶದ ಸಿಪಾಯಿಗಳನ್ನ, ಕಾಲೇಜು ಹುಡುಗರನ್ನ ಅಳೆದು ಬರೆದದ್ದು ಇದು. ಅವರ ಅಂಗಿ ನಮಗೆ ಹೊಂದುತ್ತಾ? ಹಾಗಿರುವಾಗ ಅವರ ಸೂತ್ರ ಹೇಗಮ್ಮ ಹೊಂದುತ್ತೆ?" ಎನ್ನುತ್ತಿದ್ದರು. ಹಾಗಾಗಿ ಆ ವರ್ಷ ಆಸ್ಪತ್ರೆಯ ಜನರನ್ನೇ ಅಳೆಯಲು ಹೊರಟೆವು. ಮೊದಲು ಕಚೇರಿಯ ಗುಮಾಸ್ತರು, ಆಮೇಲೆ ಬಟ್ಟೆ ಒಗೆಯುವ ನಲವತ್ತೊಂದು ಹೆಂಗಸರು.

ನಿಯಮಗಳು ಕಟ್ಟುನಿಟ್ಟು. ರಾತ್ರಿಯ ಊಟದ ನಂತರ ಏನೂ ತಿನ್ನಬಾರದು. ಬಂದವರು ಅರ್ಧ ಗಂಟೆ ಸುಧಾರಿಸಿಕೊಳ್ಳಬೇಕು. ಆಮೇಲೆ ಮುಸುಕಿನೊಳಗೆ ಅರ್ಧ ಗಂಟೆ ಅಲ್ಲಾಡಬಾರದು, ಮಾತಾಡಬಾರದು. ನಿಯಮದ ಹಾಳೆ ಪರಭಾಷೆಯಲ್ಲಿತ್ತು. ಅದನ್ನು ನಮ್ಮ ಮಾತಿಗೆ ತಂದು ಗೋಡೆಗೆ ಬೋರ್ಡು ಬರೆಯಲು ಸಾರ್ ನನಗೇ ಹೇಳಿದರು. ದಪ್ಪ ಅಕ್ಷರದಲ್ಲಿ, ಕೆಳಗೆ ಗೆರೆ ಎಳೆದು ಬರೆದೆ: "ಅರ್ಧ ಗಂಟೆ ಅಲುಗಾಡದೆ ಮಲಗಿ."

ಗುಮಾಸ್ತರನ್ನು ಅಳೆಯುವುದೆಂದರೆ ಸಾಕು ಸಾಕಾಗುತ್ತಿತ್ತು. ಒಬ್ಬನಿಗೆ ಮೂಗು ತುರಿಸುತ್ತಿತ್ತು, ಇನ್ನೊಬ್ಬ ಎಷ್ಟು ಹೊತ್ತಾಯ್ತು ಎಂದು ಮುಸುಕಿನೊಳಗಿಂದಲೇ ಕೂಗುತ್ತಿದ್ದ. ಶೆಡ್ಡಿನ ಹೆಂಗಸರು ಬಂದರು ನೋಡಿ, ಆಹಾ! ಕೈ ಎದೆಯ ಮೇಲೆ, ಕಾಲು ಜೋಡಿಸಿ, ಕದಲಿದರೆ ಕೇಳಿ. ಒಬ್ಬರಾದರೂ ತಪ್ಪಿಸಿಕೊಳ್ಳಲಿಲ್ಲ, ಸರದಿಗಾಗಿ ಜಗಳವಾಡಿದರು. ನನ್ನ ಸ್ಟೂಲಿನಿಂದ ಅವರ ಪಾದಗಳು ಮಾತ್ರ ಕಾಣುತ್ತಿದ್ದವು. ನೀರಿನಲ್ಲಿ ನಿಂತು ನಿಂತು ಬಿಳಿಚಿ ಬಿರಿದ ಪಾದಗಳು. ಅವು ಅಲುಗಾಡದಿದ್ದರೆ ನನಗೆ ಅಷ್ಟೇ ಸಾಕಿತ್ತು. ಹಾಳೆಯಲ್ಲಿ "ಎಚ್ಚರವಿದ್ದರೇ?" ಎಂದು ಒಂದು ಕಾಲಂ ಇತ್ತು. ಎದ್ದು ಹೋಗಿ ನೋಡದೆ ಎಲ್ಲರಿಗೂ ಟಿಕ್ ಹಾಕಿದೆ. ಎಷ್ಟೋ ದಿನ ಅವರು ಬರುವ ಮೊದಲೇ ಹಾಕಿಟ್ಟಿರುತ್ತಿದ್ದೆ. ಇದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಫಲಿತಾಂಶ ಬಂತು. ಗುಮಾಸ್ತರು ಸೂತ್ರಕ್ಕಿಂತ ನೂರಕ್ಕೆ ಏಳರಷ್ಟು ಕಡಿಮೆ. ಶೆಡ್ಡಿನ ಹೆಂಗಸರು ಹದಿನಾರರಷ್ಟು ಕಡಿಮೆ! ಪಾಯಿಂಟ್ ಸಾರ್ ಕುಣಿಯುವುದೊಂದು ಬಾಕಿ. ಈ ಹೆಂಗಸರಿಗೇ ಬೇರೆ ಸೂತ್ರ ಬೇಕು ಎಂದು ವರದಿ ಬರೆದರು. ಅದರ ಒಂದು ಪ್ರತಿ ಸೂಪರಿಂಟೆಂಡೆಂಟರ ಮೇಜಿಗೆ ಹೋಯಿತು. ಅವರೋ, ಎತ್ತು ಈಯಿತು ಅಂದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಆಸಾಮಿ. ಶೆಡ್ಡಿನವರಿಗೆ ಆಸ್ಪತ್ರೆಯ ಅಡುಗೆಮನೆಯಿಂದ ಮಧ್ಯಾಹ್ನದ ಊಟ ಬರುತ್ತಿತ್ತು, ತಲೆಗೆ ಮೂರು ಸೌಟು. ಮುಂದಿನ ವಾರದಿಂದ ಅದು ಎರಡಾಯಿತು. "ಇವರ ಮೈಯೇ ಕಡಿಮೆ ಕೇಳುತ್ತಂತಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಲಿ" ಅಂದರಂತೆ. ಸಾರ್ ಹೋಗಿ ಕೂಗಾಡಿದರು. "ಅಳೆದದ್ದು ನೀವೇ ಅಲ್ವಾ?" ಎಂದು ಅವರಿಂದ ಕೇಳಿಸಿಕೊಂಡು ವಾಪಸ್ಸಾದರು. ಅಳತೆ ಸರಿಯಾಗಿದೆ ಎಂದು ನಾವಿಬ್ಬರೂ ನಂಬಿದ್ದೆವು.

ಮನೆಯಲ್ಲಿ ಚಿಕ್ಕಮ್ಮನನ್ನು ಕೇಳಿದೆ, "ಸಾಲುತ್ತಾ?" ಎಂದು.

"ಏನೋ ಒಂದು ಸೌಟು ತಾನೇ. ಹೊಟ್ಟೆ ಹಗುರವಾಗಿರುತ್ತೆ, ಬಿಡು" ಅಂದಳು. ನಾನೂ ಬಿಟ್ಟೆ.

ಮೂರು ತಿಂಗಳ ನಂತರ ಎರಡನೇ ಸುತ್ತಿನ ಅಳತೆ ಶುರುವಾಯಿತು. ಮೊದಲ ದಿನದ ಮೊದಲ ಸರದಿ ಹೊಸದಾಗಿ ಸೇರಿದ್ದ ಒಬ್ಬ ಹೆಂಗಸಿನದು. ಮೂರು ಮಕ್ಕಳ ತಾಯಿ, ಗಟ್ಟಿಗಿತ್ತಿ. ಮುಸುಕು ಇಟ್ಟು ಪರದೆಯ ಹಿಂದೆ ಹೋಗಿ ಕೂತೆ. ಹತ್ತು ನಿಮಿಷವೂ ಆಗಿರಲಿಲ್ಲ, ಕೋಣೆಯಲ್ಲಿ ಒಂದು ಸದ್ದು. ಯಂತ್ರದ ಮೋಟಾರು ಕೆಟ್ಟಿತೆಂದು ಗಾಬರಿಯಾಗಿ ಅದರ ಬೆನ್ನು ತಟ್ಟಿದೆ. ಸದ್ದು ನಿಲ್ಲಲಿಲ್ಲ. ಪರದೆ ಸರಿಸಿ ನೋಡಿದರೆ ಆ ತಾಯಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾಳೆ! ಮುಸುಕಿನ ಒಳಗೆಲ್ಲ ಆವಿ ಕಟ್ಟಿದೆ.

"ಏನಮ್ಮ ಇದು, ನಿದ್ದೆ ಮಾಡಿಬಿಟ್ರಲ್ಲ!"

ಅವಳು ಮುಸುಕು ಸರಿಸಿ, ಕಣ್ಣು ಉಜ್ಜಿಕೊಂಡು ಗೋಡೆಯತ್ತ ಕೈ ತೋರಿಸಿದಳು. "ನೀವೇ ಮಲಗಿ ಅಂತ ಬರೆದಿದ್ದೀರಲ್ಲ ಅಕ್ಕ. ಮಲಗಿದೆ. ತಪ್ಪಾಯ್ತಾ?"

ಬಾಗಿಲ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ನಾಲ್ವರು ಒಟ್ಟಿಗೆ ಎದ್ದು ನಿಂತರು. ಅವರಲ್ಲಿ ಚಿಕ್ಕಮ್ಮನೂ ಇದ್ದಳು. "ಅಯ್ಯೋ, ಇವಳೊಬ್ಳು ಹೊಸಬಳು, ಏನೂ ಗೊತ್ತಾಗಲ್ಲ. ನಾವೆಲ್ಲ ಎಚ್ಚರವಾಗೇ ಇದ್ವಪ್ಪ" ಅಂದಳು. ನಾನು ಅವಳನ್ನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಬೋರ್ಡನ್ನು ಆಗ ಮೊದಲ ಬಾರಿಗೆ ಅವರ ಕಣ್ಣಿನಿಂದ ಓದಿದೆ. ನಮ್ಮ ಮಾತಿನಲ್ಲಿ ಮೈ ಚಾಚುವುದಕ್ಕೂ ನಿದ್ದೆ ಹೋಗುವುದಕ್ಕೂ ಮಲಗುವುದು ಅಂತಲೇ ಅನ್ನುತ್ತೇವೆ. ಮಗು ಮಲಗಿತಾ ಎಂದು ಕೇಳಿದರೆ ಅದು ಕಣ್ಣು ಬಿಟ್ಟುಕೊಂಡು ಬಿದ್ದಿದೆ ಎಂದು ಯಾರಾದರೂ ಅಂದುಕೊಳ್ಳುತ್ತಾರಾ? ಮೂರೂವರೆಗೆ ಎದ್ದು, ನೀರು ಹಿಡಿದು, ಅಡುಗೆ ಮುಗಿಸಿ ಓಡಿಬಂದ ಹೆಂಗಸಿಗೆ ಮೆತ್ತನೆಯ ಹಾಸಿಗೆ ತೋರಿಸಿ ಮಲಗು ಅಂದರೆ ಅವಳು ಇನ್ನೇನು ಮಾಡುತ್ತಾಳೆ? ನಿದ್ದೆಯಲ್ಲಿ ಮೈ ಇನ್ನೂ ಕಡಿಮೆ ಸುಡುತ್ತದೆ. ನಾನು ಗುಮಾಸ್ತರ ಎಚ್ಚರವನ್ನು ಇವರ ನಿದ್ದೆಯ ಪಕ್ಕದಲ್ಲಿಟ್ಟು ಹೋಲಿಸಿದ್ದೆ. ಆ ನನ್ನ ಟಿಕ್ಕು ಅವರ ತಟ್ಟೆಯಿಂದ ಒಂದು ಸೌಟು ತೆಗೆದಿತ್ತು.

ಹೇಳಿದರೆ ಕೆಲಸ ಹೋಗುತ್ತದೆ. ಖಾಯಂ ಆಗಲು ಇದ್ದದ್ದು ಐದು ವಾರ. ಎರಡು ದಿನ ಯಾರಿಗೂ ಹೇಳದೆ ಓಡಾಡಿದೆ. ಮೂರನೇ ದಿನ ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಚಿಕ್ಕಮ್ಮ ತಟ್ಟೆಯನ್ನು ಬೆರಳಿನಿಂದ ಒರೆಸಿ ಒರೆಸಿ ತಿನ್ನುತ್ತಿದ್ದಳು. ಅಲ್ಲಿಂದ ನೆಟ್ಟಗೆ ಸಾರ್ ಕೋಣೆಗೆ ಹೋದೆ.

ಎಲ್ಲ ಹೇಳಿ ಮುಗಿಸುವವರೆಗೆ ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತಿದ್ದರು.

"ಎಷ್ಟು ಜನ ನಿದ್ದೆ ಮಾಡಿದ್ದರು?"

"ಗೊತ್ತಿಲ್ಲ ಸಾರ್. ನಾನು ನೋಡಲೇ ಇಲ್ಲ."

ಬೈಯುತ್ತಾರೆ ಎಂದು ಕಾದೆ. "ಪರದೆ ಹಾಕಿಸಿದ್ದು ನಾನು. ಬೋರ್ಡು ಓದಿ ಸರಿ ಅಂದದ್ದೂ ನಾನೇ" ಅಂದರು. "ನಾಳೆಯಿಂದ ಎಲ್ಲರನ್ನೂ ಮತ್ತೆ ಅಳೆಯೋಣ. ಕಣ್ಣು ತೆರೆದೇ ಇರಬೇಕು."

ಪರದೆ ಕಿತ್ತು ಹಾಕಿದೆವು. ನಿದ್ದೆ ಬರದಿರಲಿ ಎಂದು ಸಾರ್ ಮಂಚದ ಪಕ್ಕ ಕೂತು ದಿನಪತ್ರಿಕೆ ಓದಿದರು. ಅವರು ಓದುತ್ತಿದ್ದ ರೀತಿಗೆ ಸತ್ತವರೂ ಎದ್ದು ಮತ್ತೆ ಸಾಯಬೇಕು. ಹವಾಮಾನ ವರದಿಯನ್ನು ದಶಾಂಶ ಸಮೇತ ಓದುತ್ತಿದ್ದರು. ಹೆಂಗಸರು ನಕ್ಕು ಎಂಟು ಜನರ ಅಳತೆ ಕೆಟ್ಟು ಹೋಯಿತು, ಮತ್ತೆ ಕರೆಸಬೇಕಾಯಿತು. ನನ್ನ ಇಡೀ ಆಯಸ್ಸಿನಲ್ಲಿ ಅಷ್ಟು ನಕ್ಕ ಕೋಣೆ ಇನ್ನೊಂದಿಲ್ಲ. ಆ ಎರಡು ವಾರ ಮತ್ತೆ ಸಿಕ್ಕುವುದಾದರೆ ಇರುವುದನ್ನೆಲ್ಲ ಕೊಟ್ಟೇನು.

ಕೊನೆಯ ದಿನ ಲೆಕ್ಕ ಹಾಕಿದೆವು. ಈ ಸಲ ಸೂತ್ರಕ್ಕಿಂತ ಹನ್ನೊಂದರಷ್ಟು ಕಡಿಮೆ. ಗುಮಾಸ್ತರ ಏಳಕ್ಕೆ ಇಳಿಯುತ್ತದೆಂದು ನಾನು ಕಾದಿದ್ದೆ, ಇಳಿಯಲಿಲ್ಲ. ಸಾರ್ ಎರಡೂ ಸುತ್ತಿನ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ತೂಕದ ಕಾಲಂ ಮೇಲೆ ಬೆರಳು ಓಡಿಸಿದರು. ನಲವತ್ತೇಳು ಪಾಯಿಂಟ್ ನಾಲ್ಕು ಇದ್ದದ್ದು ನಲವತ್ತೈದು ಪಾಯಿಂಟ್ ಆರು. ಅದು ಚಿಕ್ಕಮ್ಮನ ಸಾಲು. ಅವಳ ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲವೂ ಹಾಗೇ ಇಳಿದಿದ್ದವು.

"ಹೊಟ್ಟೆಗೆ ಕಡಿಮೆ ಬಿದ್ದರೆ ಮೈ ತನ್ನ ಒಲೇನ ಸಣ್ಣಗೆ ಮಾಡ್ಕೊಳ್ಳುತ್ತಮ್ಮ" ಅಂದರು ಸಾರ್. "ಈ ಹನ್ನೊಂದರಲ್ಲಿ ಇವರ ಮೈಯದು ಎಷ್ಟು, ನಾವು ಕಿತ್ಕೊಂಡ ಸೌಟಿನದು ಎಷ್ಟು, ಇನ್ನು ಹೇಳೋಕಾಗಲ್ಲ. ನಾವು ಅಳೆಯಬೇಕಿದ್ದ ಮೈಯೇ ಈಗ ಇಲ್ಲ." ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಅವತ್ತೇ ಅವರು ಸೂಪರಿಂಟೆಂಡೆಂಟರಿಗೆ ಪತ್ರ ಬರೆದರು. ಅಳತೆ ತಪ್ಪು, ತಪ್ಪು ನನ್ನದು, ಊಟ ಮೊದಲಿನಂತೆ ಹಾಕದಿದ್ದರೆ ಈ ತೂಕಗಳನ್ನು ಆಸ್ಪತ್ರೆಯ ಸಮಿತಿಯ ಮುಂದೆ ಇಡುತ್ತೇನೆ. ಮೂರೇ ಸಾಲು. ಸೋಮವಾರದಿಂದ ಮೂರು ಸೌಟು ಬಂತು. ಆದರೆ ಕಚೇರಿಯವರೇನು ಕಿವಿಯಲ್ಲಿ ಹೂವಿಟ್ಟುಕೊಂಡಿದ್ದರಾ? ಟಿಕ್ ಹಾಕಿದ ಕೈ ಯಾರದೆಂದು ಹಾಳೆ ನೋಡಿ ಕಂಡುಹಿಡಿದರು. ಸಾರ್ ಹಟ ಹಿಡಿದದ್ದರಿಂದ ಕೆಲಸ ಉಳಿಯಿತು, ಖಾಯಂ ಮಾತ್ರ ಮೂರು ವರ್ಷ ಮುಂದಕ್ಕೆ ಹೋಯಿತು.

ಅದು ಗೊತ್ತಾದ ಸಂಜೆ ಮನೆಗೆ ಹೋಗಿ ಚಿಕ್ಕಮ್ಮನ ಮುಂದೆ ಕೂತೆ. ಅವಳು ತರಕಾರಿ ಹೆಚ್ಚುತ್ತಿದ್ದಳು. ಬೋರ್ಡಿನಿಂದ ಹಿಡಿದು ಪತ್ರದವರೆಗೆ ಎಲ್ಲ ಹೇಳಿ, "ನಿಮ್ಮ ತಟ್ಟೆಯಿಂದ ಕಿತ್ಕೊಂಡವಳು ನಾನೇ ಚಿಕ್ಕಮ್ಮ" ಎಂದು ಅತ್ತುಬಿಟ್ಟೆ.

ಅವಳು ಚಾಕು ಕೆಳಗಿಟ್ಟು ನನ್ನನ್ನು ನೋಡಿದಳು. ಮುಖದಲ್ಲಿ ಆಶ್ಚರ್ಯ ಇರಲಿಲ್ಲ, ಸಿಟ್ಟಿತ್ತು.

"ನಿನ್ನ ಬುದ್ಧಿಗಿಷ್ಟು! ಮೂರು ವರ್ಷ ಮುಂದಕ್ಕೆ ಹಾಕಿಸ್ಕೊಂಡು ಬಂದ್ಯಾ? ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ನಿನಗೆ?"

"ನಿಮ್ಮ ಊಟ ಅಲ್ವಾ ಚಿಕ್ಕಮ್ಮ..."

"ನಮಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ? ಸೌಟು ಕಡಿಮೆ ಆದ ದಿನಾನೇ ಗೊತ್ತಾಯ್ತು. ನಿದ್ದೆ ಮಾಡೋರನ್ನ ಅಳೆದರೆ ಇನ್ನೆಷ್ಟು ಬರುತ್ತೆ? ಹೋಗಿ ಹೇಳೋಣ ಅಂದವರೂ ಇದ್ರು. ಹೇಳಿದ್ರೆ ಹುಡುಗಿ ಕೆಲಸ ಹೋಗುತ್ತೆ, ವರ್ಷದ ಕೊನೆಗೆ ಖಾಯಂ ಆಗ್ಲಿ, ಅಲ್ಲೀತನಕ ತಡ್ಕೊಳ್ಳೋಣ ಅಂತ ಸೋಡಾ ತೊಟ್ಟಿ ಹತ್ರ ನಿಂತು ಮಾತಾಡ್ಕೊಂಡ್ವಿ. ನಲವತ್ತೊಂದು ಜನ ಕಣೇ. ಒಬ್ಬಳಾದ್ರೂ ಬಾಯಿ ಬಿಟ್ಟಳಾ?"

ನನ್ನ ಅಳು ನಿಂತುಹೋಯಿತು. ಚಿಕ್ಕಮ್ಮ ಸೆರಗಿನಿಂದ ನನ್ನ ಮುಖ ಒರೆಸಿ, "ಏಳು, ಒಲೆ ಹಚ್ಚು, ಹಸಿವಾಗ್ತಿದೆ" ಅಂದಳು.