ರೀಲಣ್ಣನ ಪಿಕಪ್ಪಿನ ಇಂಜಿನ್

ವೆಲ್ಡರ್ ಪಿಕಪ್ಪಿನ ಮೂತಿಗೆ ಸಿಕ್ಕಿಸಿದ ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೊಂದು ಸಲ ತಿರುಗಿಸಿದ. ಇಂಜಿನ್ ಗೊಳಕ್ಕನೆ ಕೆಮ್ಮಿತು, ಹ್ಯಾಂಡಲನ್ನು ಹಿಂದಕ್ಕೆ ಒದ್ದಿತು, ಸುಮ್ಮನಾಯಿತು. ವೆಲ್ಡರ್ ಮೊಣಕೈ ಹಿಡಿದುಕೊಂಡು ಬೀದಿಯಲ್ಲೇ ಕುಕ್ಕರಿಸಿದ.

"ಸತ್ತ ಮೇಲೂ ತನ್ನ ಗಾಡಿ ಇನ್ನೊಬ್ಬರು ಮುಟ್ಟಬಾರದು ಅಂತಾನಲ್ಲಪ್ಪ, ಪುಣ್ಯಾತ್ಮ," ಅಂದ.

ಪುಣ್ಯಾತ್ಮ ಪಿಕಪ್ಪಿನ ಹಿಂಭಾಗದಲ್ಲಿ, ಹಲಗೆಯ ಮೇಲೆ, ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಬದುಕಿದ್ದಾಗ ಹೀಗೆ ಬಾಯಿ ಮುಚ್ಚಿ ಬಿದ್ದಿದ್ದವನೇ ಅಲ್ಲ. ಊರಿಗೆಲ್ಲ ಅವನು ರೀಲಣ್ಣ. ಅವನು ರೀಲು ಬಿಡಲು ಶುರು ಮಾಡಿದರೆ, ಹಾಲು ತರಲು ಹೋದವರು ಅಲ್ಲೇ ನಿಂತು ನಿಂತು, ಕೊನೆಗೆ ಮೊಸರು ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು.

ಕೊನೆಗೆ ಹೋಗುವುದಾದರೆ ನನ್ನ ಪಿಕಪ್ಪಿನಲ್ಲೇ ಹೋಗಬೇಕು ಅಂತ ಅವನು ಸಾವಿರ ಸಲ ಹೇಳಿದ್ದ. ಅದಕ್ಕೇ ವೆಲ್ಡರ್ ಊರಾಚೆಯ ಶೆಡ್ಡಿನಿಂದ ಅದನ್ನು, ರೀಲಣ್ಣ ಯಾವಾಗಲೂ ಮಾಡುತ್ತಿದ್ದ ಹಾಗೆ, ಇಳಿಜಾರಿನಲ್ಲಿ ನೂಕಿಸಿ, ಹೇಗೋ ಜೀವ ಬರಿಸಿಕೊಂಡು ತಂದಿದ್ದ. ದೊಡ್ಡ ರಸ್ತೆಯ ತಿರುವಿನಲ್ಲೇ ಅದು ಉಸಿರು ಬಿಟ್ಟಿತು. ಅಲ್ಲಿಂದ ಮನೆಯವರೆಗೆ ಗಂಡಸರು ತಳ್ಳಿಕೊಂಡು ಬಂದರು. ಈಗ ಮುಂದೆ ಏರು, ಮೇಲೆ ಹೆಣ. ನೂಕುವುದು ಹೇಗೆ?

"ಬೇರೆ ವ್ಯಾನ್ ಕರೆಯೋಣ ಕಣೋ," ಅಂದ ಹಾಲಿನವನು.

"ಕರೀತೀಯಾ? ಇವನು ಎದ್ದು ಕೂತು ಜಗಳ ಆಡ್ತಾನೆ. ಸ್ವಲ್ಪ ತಡಿ."

ಹಾಲಿನವನು ಇಂಜಿನ್ನನ್ನು ನೋಡಿ ತಲೆಯಾಡಿಸಿದ. "ಸಮುದ್ರದ ತಳದಲ್ಲಿ ಇದ್ದ ಇಂಜಿನ್ನು, ಅದಕ್ಕೇ ತಂಡಿ ಜಾಸ್ತಿ. ಮುಳುಗಿದ ದೋಣಿಯಿಂದ ಎತ್ತಿಸಿದ್ದಂತೆ. ಟ್ಯಾಂಕ್ ಬಿಚ್ಚಿದ್ರೆ ಒಳಗೆ ಒಂದು ಮೀನು ಜೀವಂತ ಇತ್ತಂತೆ. ಡೀಸೆಲ್ ಕುಡಿದೂ ಕುಡಿದೂ ಹಂದಿ ಹಾಗೆ ಕೊಬ್ಬಿತ್ತಂತೆ."

"ದೋಣಿ ಎಲ್ಲಿಂದ ಬಂತು?" ಪಕ್ಕದ ಮನೆಯ ಟೈಲರಮ್ಮ ಕಣ್ಣೊರೆಸಿಕೊಳ್ಳುತ್ತಲೇ ಜಗಳಕ್ಕೆ ಬಂದಳು. "ಅದು ಸರ್ಕಸ್ಸಿಂದು. ಸರ್ಕಸ್ ಮುಚ್ಚೋ ದಿನ ಆನೆನೇ ಸೊಂಡಿಲಲ್ಲಿ ಹ್ಯಾಂಡಲ್ ಎತ್ತಿ ರೀಲಣ್ಣನ ಕೈಗೆ ಕೊಡ್ತಂತೆ. ಆನೆ ಕಣ್ಣಲ್ಲಿ ನೀರು ಬೇರೆ. ನನ್ನ ಹತ್ರ ಹೇಳುವಾಗ ಅವರೂ ಅತ್ತುಬಿಟ್ರು."

ಹೊಸಿಲ ಮೇಲೆ ಕೂತಿದ್ದ ರೀಲಣ್ಣನ ಹೆಂಡತಿಗೆ ಎಲ್ಲ ಕೇಳಿಸಿತು. ರಾತ್ರಿಯಿಂದ ಅತ್ತು ಊದಿದ್ದ ಮುಖದಲ್ಲೂ ಒಂದು ಚೂರು ನಗು ಬಂತು. ಅವಳಿಗೆ ಅವನು ಹೇಳಿದ್ದು ಕೋಳಿಯ ಕತೆ. ಗುಜರಿ ಅಂಗಡಿಯಲ್ಲಿ ಒಂದು ಕೋಳಿ ಆ ಇಂಜಿನ್ನನ್ನೇ ಮೊಟ್ಟೆ ಅಂದುಕೊಂಡು ಕಾವಿಗೆ ಕೂತಿತ್ತಂತೆ. ಏಳಿಸಿದರೆ ಏಳದು. ಕೊನೆಗೆ ಇಂಜಿನ್ ಜೊತೆ ಕೋಳಿಯನ್ನೂ ಕೊಳ್ಳಬೇಕಾಯಿತಂತೆ. ನಂಬದೆ ಇರುವುದು ಹೇಗೆ, ಆವತ್ತು ಸಂಜೆ ನಿಜಕ್ಕೂ ಒಂದು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಮನೆಗೆ ಬಂದಿದ್ದ.

ಕೋಳಿಯನ್ನು ಅವಳು ಸಾಕಿದಳು. ಪಿಕಪ್ಪನ್ನು ಮಾತ್ರ ಇಷ್ಟು ವರ್ಷದಲ್ಲಿ ಒಂದು ದಿನವೂ ಹತ್ತಿರದಿಂದ ನೋಡಲಿಲ್ಲ. ಅದು ಯಾವಾಗಲೂ ಊರಾಚೆ ವೆಲ್ಡರನ ಶೆಡ್ಡಿನಲ್ಲಿ. ಅವನು ಸೈಕಲ್ಲಿನಲ್ಲಿ ಹೋಗಿ ಸೈಕಲ್ಲಿನಲ್ಲಿ ಬರುತ್ತಿದ್ದ. "ಡೀಸೆಲ್ ಹೊಗೆ ಕಣೇ, ನಿಂಗೆ ತಲೆನೋವು ಬರುತ್ತೆ," ಅನ್ನುತ್ತಿದ್ದ. ಪಿಕಪ್ ಇದ್ದವನ ಹೆಂಡತಿ ಬಸ್ಸಿನಲ್ಲಿ ನಿಂತುಕೊಂಡು ಓಡಾಡುತ್ತಾಳೆ ಅಂತ ಬೀದಿಯವರು ನಗಾಡಿದರೆ, ನನ್ನ ತಲೆಯ ಬಗ್ಗೆ ನಮ್ಮವರಿಗೆ ಅಷ್ಟು ಕಾಳಜಿ ಅಂತ ಅವಳು ಜಂಬ ಪಡುತ್ತಿದ್ದಳು.

ಅವಳ ಕಣ್ಣು ಜನರನ್ನು ದಾಟಿ ಎದುರಿನ ದೀಪದ ಕಂಬಕ್ಕೆ ಹೋಯಿತು. ಅಲ್ಲಿ ಒಬ್ಬ ನೆರೆತ ತಲೆಯ ಮನುಷ್ಯ ಚಪ್ಪಲಿ ಬಿಚ್ಚಿ, ಕೈಕಟ್ಟಿ ನಿಂತಿದ್ದ. ಅವಳ ಅಣ್ಣ. ಬೆಳಿಗ್ಗೆ ಅವನು ಗೇಟಿನವರೆಗೆ ಬಂದಿದ್ದ.

"ನೋಡೋದಾದ್ರೆ ಬೀದಿಯಿಂದಲೇ ನೋಡ್ಕೊಂಡು ಹೋಗು," ಅಂದಿದ್ದಳು ಅವಳು. "ಮನೆ ಒಳಗೆ ಕಾಲಿಡಬೇಡ. ಅವರನ್ನ ಕಳಿಸಿದ ಮೇಲೆ ನನಗೂ ನಿನಗೂ ಏನೂ ಇಲ್ಲ."

ಅವನು ಆಯ್ತು ಅಂದಿದ್ದ. ಅಷ್ಟೇ.

*

ಅವಳ ಅಪ್ಪನ ಹಿಟ್ಟಿನ ಗಿರಣಿಯಲ್ಲಿ ಆಗ ಇದ್ದದ್ದು ಒಂದೇ ಒಂದು ಸಣ್ಣ ಡೀಸೆಲ್ ಇಂಜಿನ್. ಸಣ್ಣದು ಅಂದರೆ ಕೂತ ಕರುವಿನಷ್ಟು. ಜಂಬ ಮಾತ್ರ ಆನೆಯಷ್ಟು. ಒಬ್ಬರಿಗೆ ಅದು ಬಗ್ಗುತ್ತಲೇ ಇರಲಿಲ್ಲ. ಒಬ್ಬರು ಹ್ಯಾಂಡಲ್ ತಿರುಗಿಸಬೇಕು, ಇನ್ನೊಬ್ಬರು ಅದರ ತಲೆಯ ಮೇಲಿನ ಲಿವರನ್ನು ಎತ್ತಿ ಹಿಡಿದಿರಬೇಕು. ಎತ್ತಿ ಹಿಡಿದಷ್ಟು ಹೊತ್ತು ದಮ್ಮು ಹೊರಗೆ ಹೋಗಿ ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ. ಒಳಗೆ ಗುಟುಕ್ ಅಂತ ನುಂಗಿದ ಸದ್ದು ಬಂದಾಗ ಬಿಟ್ಟರೆ ಹೊತ್ತಿಕೊಳ್ಳುತ್ತದೆ. ಮುಂಚೆ ಬಿಟ್ಟರೆ ಕೈ ಮುರಿಯುತ್ತದೆ.

ಅಣ್ಣ ಹ್ಯಾಂಡಲ್, ತಂಗಿ ಲಿವರ್. ಕೆಲಸ ಹಂಚಿದವನು ಅಪ್ಪ.

"ಬಿಡ್ಲಾ?"

"ತಡಿಯೇ."

"ಬಿಡ್ಲಾ?"

"ಬಿಡು!"

ಒಮ್ಮೆ ಇಂಜಿನ್ನಿಗೆ ಎಣ್ಣೆ ಹಾಕುವ ಬಾಯಿಯ ಮುಚ್ಚಳ ಕಳೆದುಹೋಯಿತು. ಅಪ್ಪ ಹುಡುಕಿ ಸಾಕಾಗಿ, ಮಗಳ ಊಟದ ಡಬ್ಬಿಯ ಹಿತ್ತಾಳೆ ಮುಚ್ಚಳವನ್ನೇ ಅಲ್ಲಿಗೆ ತಟ್ಟಿ ಕೂರಿಸಿದ. ಅಳತೆ ಹೇಳಿ ಮಾಡಿಸಿದ ಹಾಗಿತ್ತು. ಅವಳು ನೆಲದ ಮೇಲೆ ಉರುಳಾಡಿ ಅತ್ತಳು. ಅಣ್ಣ ಅವಳನ್ನು ಇನ್ನಷ್ಟು ರೇಗಿಸಲು ಆ ಮುಚ್ಚಳದ ಮೇಲೆ ಮೊಳೆಯಲ್ಲಿ ಒಂದು ಮುಖ ಕೆರೆದ. ಎರಡು ಜಡೆ, ಹಾರೆಯಂಥ ಹಲ್ಲು. "ನೋಡು, ನೀನೇ. ಇನ್ಮೇಲೆ ನಿನ್ನ ಊಟ ಇಂಜಿನ್ನೇ ತಿನ್ನುತ್ತೆ." ಅಂದಿನಿಂದ ಅವಳ ಡಬ್ಬಿ ಬಟ್ಟೆ ಕಟ್ಟಿಕೊಂಡೇ ಶಾಲೆಗೆ ಹೋಯಿತು.

ದೊಡ್ಡವಳಾದಳು. ಗಿರಣಿಯ ರಿಪೇರಿಗೆ ಬರುತ್ತಿದ್ದ ಬಾಯಿಬಡುಕನನ್ನು ಮೆಚ್ಚಿ ಮದುವೆಯಾದಳು. ಆಮೇಲೆ ಅಪ್ಪ ಹಾಸಿಗೆ ಹಿಡಿದ, ಗಿರಣಿ ನಿಂತಿತು. ಇಂಜಿನ್ ಮಾರಿ ಕರೆಂಟಿನ ಮೋಟಾರ್ ಹಾಕೋಣ ಅಂತ ಅಣ್ಣ, ನನ್ನ ಜೀವ ಇರುವವರೆಗೆ ಅದನ್ನು ಮುಟ್ಟಬೇಡ ಅಂತ ಅಪ್ಪ, ಇಬ್ಬರಿಗೂ ದಿನಾ ಜಗಳ.

ಒಂದು ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆದರೆ ಇಂಜಿನ್ ಇಲ್ಲ. ನೆಲದಲ್ಲಿ ನಾಲ್ಕು ಬೋಲ್ಟು ಮಾತ್ರ ತಲೆಯೆತ್ತಿ ನಿಂತಿದ್ದವು.

ಆ ದಿನ ಅವಳ ಗಂಡ ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ತಟ್ಟೆ ನೋಡಿಕೊಂಡು ಹೇಳಿದ. "ನಿಮ್ಮಣ್ಣ ನಿನ್ನೆ ಗುಜರಿಯವನ ಜೊತೆ ಮಾತಾಡ್ತಿದ್ದ. ನಾನು ನೋಡ್ದೆ."

ಮೀನಿಲ್ಲ, ಆನೆಯಿಲ್ಲ. ಬಾಲ ಇಲ್ಲ, ರೆಕ್ಕೆ ಇಲ್ಲ. ಮದುವೆಯಾದಾಗಿನಿಂದ ಅವನು ಇಷ್ಟು ಬೋಳಾಗಿ ಹೇಳಿದ ಮಾತು ಅದೊಂದೇ. ಅದಕ್ಕೇ ಅವಳು ನಂಬಿದಳು. ನಂಬಿ ಅಪ್ಪನ ಕಿವಿಗೆ ಹಾಕಿದಳು.

"ನನ್ನ ಹೆಣ ನೋಡೋಕೂ ಬರಬೇಡ," ಅಂದ ಅಪ್ಪ, ಮಗನಿಗೆ. ಅಪ್ಪ ಹೋದ ದಿನ ಅಣ್ಣ ಬಂದ. ಆವತ್ತೂ ಹೀಗೇ, ಬೀದಿಯಲ್ಲೇ ನಿಂತು ನೋಡಿ ಹೋದ.

*

"ಅತ್ತಿಗೆ," ವೆಲ್ಡರ್ ಹೊಸಿಲ ಹತ್ತಿರ ಬಂದು ನಿಂತ. "ಒಂದು ಹಳೇ ಬಟ್ಟೆ ಕೊಡಿ. ಕೈಯೆಲ್ಲ ಎಣ್ಣೆ, ಹ್ಯಾಂಡಲ್ ಜಾರ್ತಿದೆ."

ಅವಳು ಒಳಗೆ ಹೋಗಿ ಗಂಡನ ಹಳೆಯ ಬನಿಯನ್ ಹಿಡಿದು ತಂದಳು. ಅವನ ಕೈಗೆ ಕೊಡಬಹುದಿತ್ತು. ಆದರೆ ಎದ್ದವಳಿಗೆ ಮತ್ತೆ ಕೂರಲು ಮನಸ್ಸಾಗದೆ ಅವನ ಹಿಂದೆಯೇ ಬೀದಿಗೆ ಬಂದಳು. ತಲೆನೋವು ಬಂದರೆ ಬರಲಿ, ಇನ್ನು ಯಾರಿಗೆ ಅದರ ಚಿಂತೆ.

ಪುಟ್ಟ ಪಿಕಪ್ಪು. ಬಾನೆಟ್ಟಿನ ನಡುವೆ ಚೌಕ ಕತ್ತರಿಸಿ, ಇಂಜಿನ್ನಿನ ತಲೆ ಹೊರಗೆ ಬರುವ ಹಾಗೆ ಮಾಡಿ, ಮೇಲೆ ಒಂದು ತಗಡಿನ ಪೆಟ್ಟಿಗೆ ಮುಚ್ಚಿದ್ದರು. ವೆಲ್ಡರ್ ಪೆಟ್ಟಿಗೆ ಬಿಚ್ಚಿ ಕೆಳಗಿಟ್ಟಿದ್ದ. ಅವಳು ಬಗ್ಗಿ ನೋಡಿದಳು. ಹಸಿರು ಬಣ್ಣ ಬಳಿದಿದ್ದರು. ಕೊಳವೆಗಳು ಹೊಸವು. ಎಣ್ಣೆ ಹಾಕುವ ಬಾಯಿಯ ಮೇಲೆ ಮಸಿ ಹಿಡಿದ ಒಂದು ದುಂಡು ಮುಚ್ಚಳ.

ಬನಿಯನ್ನಿನ ತುದಿಯಲ್ಲಿ ಅದನ್ನು ಉಜ್ಜಿದಳು. ಹಿತ್ತಾಳೆ ಹೊಳೆಯಿತು. ಇನ್ನೂ ಉಜ್ಜಿದಳು. ಎರಡು ಜಡೆ ಬಂದವು. ಆಮೇಲೆ ಹಲ್ಲು.

"ಇದು ಎಲ್ಲಿಂದ ಬಂತು?" ಅಂದಳು.

"ಯಾವ ಕತೆ ಹೇಳ್ಲಿ ಅತ್ತಿಗೆ, ದೋಣಿದಾ, ಆನೆದಾ?" ವೆಲ್ಡರ್ ನಗಲು ಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ. ದನಿ ತಗ್ಗಿಸಿದ. "ನಿಮ್ಮ ಅಪ್ಪಾವರು ಕೊಟ್ಟಿದ್ದಲ್ವಾ? ಇದರ ಪೆಟ್ರೋಲ್ ಇಂಜಿನ್ ಸುಟ್ಟು ಗಾಡಿ ಮೂಲೆಗೆ ಬಿದ್ದಿತ್ತು. ಅಳಿಯ ಕಷ್ಟದಲ್ಲಿದಾನೆ, ತಗೊಂಡು ಹೋಗು ಅಂತ ಪ್ರೀತಿಯಿಂದ ಕೊಟ್ರು ಅಂದ ರೀಲಣ್ಣ. ಗೇರ್‌ಬಾಕ್ಸಿಗೆ ಕೂರೋ ಹಾಗೆ ದಪ್ಪ ತಗಡು ಕೊರೆದು ಕೊಟ್ಟೋನು ನಾನೇ. ನಿಮಗೆ ಮಾತ್ರ ತೋರಿಸಬೇಡ ಅಂದಿದ್ದ. ನೋಡಿದ್ರೆ ಅಪ್ಪನ ನೆನಪಾಗಿ ಅಳ್ತಾಳೆ ಅಂತ." ಅವನು ತಡೆದ. "ಅದೂ ರೀಲೇನಾ?"

ಅವಳು ಹಿಂದೆ ತಿರುಗಿ ಬಿಳಿ ಬಟ್ಟೆಯನ್ನು ನೋಡಿದಳು. ಹೇಳು, ಅಂದುಕೊಂಡಳು. ಈಗ ಬಿಡು ಒಂದು. ಎಷ್ಟು ಉದ್ದದ್ದಾದರೂ ಬಿಡು, ಕೇಳುತ್ತೇನೆ. ಬಟ್ಟೆಯ ಮೇಲೆ ಒಂದು ನೊಣ ಕೂತಿತ್ತು. ಅವನು ಅದನ್ನೂ ಓಡಿಸಲಿಲ್ಲ.

"ಅಣ್ಣಾ," ಅಂದಳು.

ದೀಪದ ಕಂಬದ ಹತ್ತಿರ ನಿಂತವನು ಅಲುಗಲಿಲ್ಲ. ಆ ಮಾತು ತನಗೆ ಅಂತ ಅವನಿಗೆ ಅನ್ನಿಸಲೇ ಇಲ್ಲ.

"ಅಣ್ಣಾ. ಬಾ ಇಲ್ಲಿ."

ಜನ ದಾರಿ ಬಿಟ್ಟರು. ಅವನು ಬರಿಗಾಲಲ್ಲಿ, ಯಾರೋ ಹೊಡೆಯುತ್ತಾರೇನೋ ಅನ್ನುವ ಹಾಗೆ ಹೆಗಲು ಕುಗ್ಗಿಸಿಕೊಂಡು ಬಂದ. ಅವಳು ಪಕ್ಕಕ್ಕೆ ಸರಿದಳು. ಅವನು ಬಾನೆಟ್ಟಿನೊಳಗೆ ನೋಡಿದ. ಮುಚ್ಚಳದ ಮೇಲಿನ ಮುಖ ನೋಡಿದ. ಆಮೇಲೆ ಕೈಯಿಟ್ಟು ಇಂಜಿನ್ನಿನ ಬೆನ್ನು ಸವರಿದ.

"ಚೆನ್ನಾಗೇ ಇಟ್ಕೊಂಡಿದಾನೆ," ಅಂದ.

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

"ಹ್ಯಾಂಡಲ್ ಹಿಡಿ," ಅಂದಳು.

"ಪುಟ್ಟೀ, ನಂಗೆ ಈಗ ಅಷ್ಟು ಶಕ್ತಿ ಇಲ್ಲ ಕಣೇ."

"ನಂಗಿದ್ಯಾ? ಹಿಡಿ. ಇವರನ್ನ ಕಳಿಸಬೇಕು."

ವೆಲ್ಡರ್ ಹ್ಯಾಂಡಲ್ ಕೊಟ್ಟ. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬನಿಯನ್ನನ್ನು ಎಡಗೈಗೆ ಸುತ್ತಿಕೊಂಡು, ಬಾನೆಟ್ಟಿನ ಮೇಲೆ ಬಗ್ಗಿ ಲಿವರ್ ಎತ್ತಿದಳು. ಅದು ಎಲ್ಲಿದೆ ಅಂತ ಕೈ ಹುಡುಕಲೇ ಇಲ್ಲ. ಅಣ್ಣ ತಿರುಗಿಸತೊಡಗಿದ. ಮೊದಲು ನಿಧಾನ, ಆಮೇಲೆ ಜೋರು. ಅವನ ಕುತ್ತಿಗೆಯ ನರ ಉಬ್ಬಿತು.

"ಬಿಡ್ಲಾ?"

"ತಡಿಯೇ."

ಒಳಗೆ ಗುಟುಕ್ ಅಂದಿತು.

"ಬಿಡ್ಲಾ?"

"ಬಿಡು."

ಬಿಟ್ಟಳು. ಕಪ್ಪು ಹೊಗೆ ಒಂದು ಮುದ್ದೆ ಮೇಲಕ್ಕೆ ಹಾರಿತು. ಎರಡು ಬಡಿತ, ಒಂದು ಬಿಕ್ಕಳಿಕೆ. ಎರಡು ಬಡಿತ, ಒಂದು ಬಿಕ್ಕಳಿಕೆ. ಗಿರಣಿಯ ಹಿಂದಿನ ಕೋಣೆಯಲ್ಲಿ ಮಲಗಿ, ಬಾಲ್ಯವೆಲ್ಲ ಅವಳು ಈ ಸದ್ದಿಗೇ ನಿದ್ದೆ ಹೋಗಿದ್ದಳು. ಗಾಡಿ ಗಡಗಡ ನಡುಗಿತು. ಹಿಂದೆ ಹಲಗೆಯ ಮೇಲೆ ರೀಲಣ್ಣನೂ ನಡುಗಿದ, ಏನೋ ನೆನಪಾಗಿ ನಗುವವನ ಹಾಗೆ.

"ನೋಡಿದ್ರಾ," ಹಾಲಿನವನು ಖುಷಿಯಲ್ಲಿ ಸುತ್ತಲಿನವರಿಗೆ ಹೇಳಿದ, "ಗಂಡನ ಗಾಡಿ, ಹೆಂಡ್ತಿ ಕೈ ಗುರುತು ಹಿಡೀತು."

ಟೈಲರಮ್ಮ ಮತ್ತೆ ಅಳಲು ಶುರು ಮಾಡಿದಳು. ವೆಲ್ಡರ್ ಯಾರ ಮುಖವನ್ನೂ ನೋಡದೆ ಸೀಟಿಗೆ ಹತ್ತಿ ಕೂತ. ಜನ ಹಿಂದೆ ಸಾಲಾಗುವಷ್ಟರಲ್ಲಿ ಇಂಜಿನ್ ಚೆನ್ನಾಗಿ ಕಾದಿತ್ತು.

"ಒಂದು ನಿಮಿಷ," ಅಂದಳು ಅವಳು.

ಬನಿಯನ್ ಸುತ್ತಿದ ಕೈಯಲ್ಲಿ ಮುಚ್ಚಳವನ್ನು ಹಿಡಿದು ಅಲ್ಲಾಡಿಸಿದಳು. ಬರಲಿಲ್ಲ. ಇನ್ನೊಂದು ಕೈಯನ್ನೂ ಹಾಕಿ ಎಳೆದಳು. ಕಿತ್ತು ಬಂತು. ಬಿಸಿ ಎಣ್ಣೆ ಚಿಳಕ್ಕನೆ ಹಾರಿ ಬಾನೆಟ್ಟಿನ ಮೇಲೆ ಬಿತ್ತು.

ವೆಲ್ಡರ್ ಕಿಟಕಿಯಿಂದ ತಲೆ ಹಾಕಿದ. "ಅತ್ತಿಗೆ, ಅದಿಲ್ದಿದ್ರೆ ದಾರಿಯುದ್ದಕ್ಕೂ ಎಣ್ಣೆ ಉಗುಳುತ್ತೆ."

"ಉಗುಳಲಿ."

ವೆಲ್ಡರ್ ತಲೆ ಒಳಗೆ ಎಳೆದುಕೊಂಡ. ಆಮೇಲೆ ಗೇರ್ ಹಾಕಿದ.

ಪಿಕಪ್ ಏರು ಹತ್ತತೊಡಗಿತು. ಬಿಕ್ಕಳಿಸಿದಾಗಲೆಲ್ಲ ಒಂದೊಂದು ಗುಟುಕು ಕಪ್ಪು ಎಣ್ಣೆ ಬಾನೆಟ್ಟಿನಿಂದ ಜಾರಿ ಬೀದಿಗೆ ಬೀಳುತ್ತಿತ್ತು. ಹಿಂದೆ ಹೋಗುತ್ತಿದ್ದವರು ಮೊದಲು ಗಮನಿಸಲಿಲ್ಲ. ಆಮೇಲೆ ಹಾಲಿನವನು ಪಂಚೆ ಎತ್ತಿಕೊಂಡ. ಟೈಲರಮ್ಮ ಅಳು ನಿಲ್ಲಿಸಿ ಚಪ್ಪಲಿ ನೋಡಿಕೊಂಡಳು. ಒಬ್ಬೊಬ್ಬರೇ ತಲೆ ತಗ್ಗಿಸಿ, ಕಾಲಿಗೆ ಮೆತ್ತದ ಹಾಗೆ ಹನಿಗಳನ್ನು ದಾಟುತ್ತಾ, ಕುಂಟಾಬಿಲ್ಲೆ ಆಡುವವರ ಹಾಗೆ ಕುಪ್ಪಳಿಸುತ್ತಾ ರೀಲಣ್ಣನ ಹಿಂದೆ ನಡೆದರು.

ಗೇಟಿನ ಹತ್ತಿರ ಅವಳು ಮುಚ್ಚಳವನ್ನು ಅಣ್ಣನ ಕಡೆಗೆ ಚಾಚಿದಳು. ಅವನು ತೆಗೆದುಕೊಂಡು, ಇನ್ನೂ ಬಿಸಿ ಇದ್ದದ್ದಕ್ಕೆ ಆ ಕೈಯಿಂದ ಈ ಕೈಗೆ ಈ ಕೈಯಿಂದ ಆ ಕೈಗೆ ಹಾಕಿಕೊಳ್ಳುತ್ತಾ, ಕೊನೆಗೆ ಅಂಗಿಯ ತುದಿಯಲ್ಲಿ ಹಿಡಿದು, ಜಡೆಯ ಸಂದಿನ ಮಸಿಯನ್ನು ಉಗುರಿನಿಂದ ಕೆರೆಯತೊಡಗಿದ.