ಮುಚ್ಚಳದೊಳಗಿನ ಹೆಸರು

ಗಡಿಯಾರ ರಿಪೇರಿಯ ಗೆಳೆಯ ನಿಶಿವಾಕಿ ನನ್ನ ಗಡಿಯಾರವನ್ನು ಮೂರನೇ ಸಲ ಕೇಳಿದಾಗ ನನಗೆ ಏನೋ ವಾಸನೆ ಬಡಿಯಿತು.

"ಒಂದು ದಿನದ ಮಟ್ಟಿಗೆ ಕೊಡೋ ತಾಮಾಕಿ, ಎಣ್ಣೆ ಬಿಟ್ಟು ಕೊಡ್ತೀನಿ."

"ಹೋದ ವರ್ಷ ಸ್ಪ್ರಿಂಗ್ ಹಾಕಿದವನು ನೀನೇ ತಾನೆ? ಇಷ್ಟು ಬೇಗ ಎಣ್ಣೆ ಆರಿಹೋಯ್ತಾ?"

ಅವನು ಕಿಟಕಿಯಾಚೆಯ ಸರೋವರದ ಕಡೆ ಮುಖ ತಿರುಗಿಸಿದ.

ಅದು ಯುದ್ಧವಿಮಾನದ ಗಡಿಯಾರ. ನೌಕಾದಳದ ವಿಮಾನಗಳ ಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪ ಯುದ್ಧ ಸೋತ ವರ್ಷ ಮನೆಗೆ ತಂದದ್ದು ಅದೊಂದೇ. ಗಡಿಯಾರ ರಿಪೇರಿ ಮಾಡಿದವನು ಹಿಂಬದಿಯ ಮುಚ್ಚಳದ ಒಳಗೆ ಸೂಜಿಯಿಂದ ತನ್ನ ಹೆಸರು, ತಾರೀಕು ಕೆರೆದೇ ಮುಚ್ಚಬೇಕು. ನಮ್ಮ ಊರು ಸುವಾದಲ್ಲಿ ಈ ಕಸುಬಿನವರ ಪದ್ಧತಿ ಅದು. ಅಲ್ಲಿ ಅಪ್ಪನ ಹೆಸರಿದೆ. ಅವನ ಕೈಬರಹವೆಂದು ನನಗೆ ಉಳಿದಿರುವುದು ಅಷ್ಟೇ. ಹನ್ನೆರಡು ವರ್ಷದ ಹಿಂದೆ ತೊಳೆದು ಸ್ವಚ್ಛ ಮಾಡಿದಾಗ ಅದರ ಕೆಳಗೆ ನನ್ನ ಹೆಸರು ಕೆರೆಯಲು ಕೈ ಬರಲಿಲ್ಲ. ಹಾಗೇ ಮುಚ್ಚಿಬಿಟ್ಟಿದ್ದೆ.

ನಿಶಿವಾಕಿ ಹೋದ ಮೇಲೆ ಬಿಚ್ಚಿ ನೋಡಿದೆ. ಅಪ್ಪನ ಹೆಸರಿಲ್ಲ. ನಿಶಿವಾಕಿಯ ಹೆಸರು, ಹೋದ ವರ್ಷದ ತಾರೀಕು ಮಾತ್ರ ಇವೆ. ಅಪ್ಪನದನ್ನು ಇಟ್ಟುಕೊಂಡು ಬೇರೆ ಗಡಿಯಾರ ಕೊಟ್ಟಿದ್ದಾನೆ ಅಂದುಕೊಂಡೆ.

ಭಾನುವಾರ ಸೋಬಾ ಶ್ಯಾವಿಗೆಯ ಅಂಗಡಿಯಲ್ಲಿ ನಮ್ಮ ಗಡಿಯಾರ ಸಂಗ್ರಾಹಕರೆಲ್ಲ ಸೇರಿದ್ದರು. ಅವನೊಬ್ಬ ಬಂದಿರಲಿಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ನಮ್ಮಪ್ಪನ ಗಡಿಯಾರ ನುಂಗಿ ನೀರು ಕುಡಿದಿದಾನೆ ಆ ನಿಶಿವಾಕಿ. ನಿಮ್ಮದನ್ನೂ ಒಂದ್ಸಲ ಬಿಚ್ಚಿ ನೋಡ್ಕೊಳ್ಳಿ."

ಎಲ್ಲರ ಊಟದ ಕಡ್ಡಿಗಳೂ ನಿಂತವು.

ಮೂರು ದಿನ ಬಿಟ್ಟು ಅವನ ಅಂಗಡಿಗೆ ಹೋದೆ. ರಿಪೇರಿಗೆ ಬಂದ ಗಡಿಯಾರಗಳ ಕಪಾಟು ಅರ್ಧ ಖಾಲಿಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು ಗೋಡೆಯಿಂದ ತನ್ನ ಗಡಿಯಾರ ಇಳಿಸಿದ. ಅವನ ಅರವತ್ತನೇ ಹುಟ್ಟುಹಬ್ಬಕ್ಕೆ ನಾನೇ ಕೊಟ್ಟಿದ್ದು, ನನ್ನದರ ಜೋಡಿಯಂತೆ ಇದ್ದ ಇನ್ನೊಂದು. ಮುಚ್ಚಳ ಬಿಚ್ಚಿ ಮುಂದೆ ಹಿಡಿದ. ಒಳಗೆ ಅಪ್ಪನ ಹೆಸರು!

"ಸಿಕ್ಕಿಬಿದ್ದೆಯಲ್ಲೋ ಕಳ್ಳ!"

ಅವನು ಆ ಉಡುಗೊರೆಯನ್ನು ನಾನು ಇಟ್ಟು ಕೊಟ್ಟಿದ್ದ ಮರದ ಪೆಟ್ಟಿಗೆಯನ್ನು ತಂದಿಟ್ಟ. ಅದರ ಮೇಲೆ ನಾನೇ ಕುಂಚದಿಂದ ಬರೆದ ಹನ್ನೆರಡು ವರ್ಷದ ಹಿಂದಿನ ತಾರೀಕು, ಅಂದು ಮುಚ್ಚಳದ ಹೊರಮೈ ನೋಡಿ ಬರೆದ ಗಡಿಯಾರದ ಸಂಖ್ಯೆ. ಅಪ್ಪನ ಹೆಸರಿದ್ದ ಮುಚ್ಚಳವನ್ನು ತಿರುಗಿಸಿದೆ. ಅದೇ ಸಂಖ್ಯೆ. ಅಂದರೆ ಕೊಟ್ಟ ದಿನವೇ ಅಪ್ಪನ ಮುಚ್ಚಳ ಇದರ ಮೇಲಿತ್ತು.

ಉಡುಗೊರೆಯ ಹಿಂದಿನ ದಿನ ತೊಳೆಯಲೆಂದು ಎರಡು ಗಡಿಯಾರಗಳನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿದ್ದು ನೆನಪಾಯಿತು. ಮುಚ್ಚಳ ಅದಲು ಬದಲು ಮಾಡಿದವನು ನಾನೇ.

"ನಿಮ್ಮದಕ್ಕೆ ಸ್ಪ್ರಿಂಗ್ ಹಾಕುವಾಗ ನಿಮ್ಮಪ್ಪನ ಹೆಸರು ಕಾಣಲಿಲ್ಲ, ಕೆರೆದಿಲ್ಲವೇನೋ ಅಂದ್ಕೊಂಡೆ" ಎಂದ ಅವನು. "ಮೊನ್ನೆ ನನ್ನದು ನಿಂತುಹೋಯ್ತು, ಬಿಚ್ಚಿದಾಗ ಗೊತ್ತಾಯ್ತು. ಸದ್ದಿಲ್ಲದೆ ಬದಲಾಯಿಸಿ ಇಡೋಣ ಅಂತಿದ್ದೆ. ಅಪ್ಪನ ವಸ್ತುವಿನಲ್ಲೇ ಎಡವಟ್ಟು ಮಾಡಿದೆ ಅಂತ ನಿಮಗೆ ಸಂಕಟ ಆಗ್ತಿತ್ತು."

ನಲವತ್ತು ವರ್ಷ ನನ್ನನ್ನು ಏಕವಚನದಲ್ಲಿ ಬೈದ ಗೆಳೆಯ ಇವನು. ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ. ನನ್ನ ಚೀಲದಲ್ಲಿದ್ದ ಗಡಿಯಾರ ತೆಗೆದು ಕೊಟ್ಟೆ. ಅವನು ಅಲ್ಲೇ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಅಪ್ಪನ ಮುಚ್ಚಳವನ್ನು ಕೈಗೆತ್ತಿಕೊಂಡ.

ನಾನು ಸೂಜಿ ಮುಂದೆ ಚಾಚಿದೆ. "ನಿನ್ನ ಹೆಸರು ಹಾಕು ಮಾರಾಯ. ನಾಳೆ ಎಲ್ಲರ ಮನೆಗೂ ಹೋಗಿ ತಪ್ಪು ನನ್ನದು ಅಂತ ಹೇಳಿ ಬರ್ತೀನಿ."

ಅವನು ಸೂಜಿ ಮುಟ್ಟಲಿಲ್ಲ. ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದ.

"ಹೋಗಿ ಬನ್ನಿ ತಾಮಾಕಿಯವರೇ. ನಿಮ್ಮಪ್ಪನ ಹೆಸರಿನ ಕೆಳಗೆ ಕಳ್ಳನ ಹೆಸರು ಯಾಕೆ?"