ಹದಕ್ಕೆ ಬಂದ ನೀರು

"ಆ ಕಡೀಂದ ನೀ ಹಿಡಿ, ಈ ಕಡೀಂದ ನಾ ಹಿಡೀತೀನಿ. ಹ್ಞಾ, ಎತ್ತು" ಎನ್ನುತ್ತ ಗಾದಿಲಿಂಗಪ್ಪ ಗಾಜಿನ ತೊಟ್ಟಿಯ ಅಡಿಗೆ ಬೆರಳು ತೂರಿಸಿದ. ನೀರು ಒಂದು ಮಗ್ಗುಲಿಗೆ ವಾಲಿತು. ಒಳಗಿದ್ದ ಆರು ಮೀನುಗಳೂ ಒಂದೇ ಮೂಲೆಗೆ ಓಡಿದವು.

"ಎತ್ತಬ್ಯಾಡ್ರಿ!"

ಬೆಳಿಗ್ಗೆಯಿಂದ ಭರಮಮ್ಮ ಆಡಿದ ಮೊದಲ ಮಾತು ಅದು. ಗಂಡ ಮೈಲಾರಲಿಂಗಪ್ಪನ ಉಸಿರು ನಿಂತದ್ದು ಹೊತ್ತು ಮೂಡುವಾಗ. ಆಮೇಲೆ ಓಣಿಯ ಹೆಂಗಸರು ಬಂದು ತಬ್ಬಿಕೊಂಡು ಅತ್ತರು. ಅವಳು ಮಾತ್ರ ಅಳಲಿಲ್ಲ. ಅವನ ಪಾದದ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದಳು.

"ನೀರು ತುಂಬಿದ್ದನ್ನ ಎತ್ತಬಾರದು. ಗಾಜಿನ ಬೆಸುಗಿ ಬಿಡ್ತೈತಿ. ಅವ್ರು ಹೇಳ್ಯಾರ."

ಗಾದಿಲಿಂಗಪ್ಪ ಬೆಂಕಿ ಮುಟ್ಟಿದವನಂತೆ ಕೈ ತೆಗೆದ. ಸತ್ತವನ ಜೊತೆ ಹತ್ತು ವರ್ಷ ನೀರಿನ ಟ್ಯಾಂಕರ್ ಓಡಿಸಿದವನು ಅವನು. ಓಣಿಯ ಭಜನೆ ಮೇಳಕ್ಕೆ ದನಿಯೂ ಅವನದೇ. "ಮತ್ತ ಅಣ್ಣನ್ನ ಎಲ್ಲಿ ಕುಂದ್ರಸೋಣು ಅತ್ತಿಗಿ? ಬಾಗಿಲಿಗೆ ಎದುರಾಗಿ ಇರೋದು ಇದೊಂದ ಗ್ವಾಡಿ."

"ಮಗ್ಗಲಾಗ ಕುಂದ್ರಸ್ರಿ. ದಿನಾ ಅಲ್ಲೇ ಕುಂದ್ರತಿದ್ರು."

ಹಾಗೆಯೇ ಆಯಿತು. ಮೀಯಿಸಿ, ಹಣೆಗೆ ವಿಭೂತಿ ಬಳಿದು, ಹೊಸ ರುಮಾಲು ಸುತ್ತಿ, ಗೋಡೆಗೆ ಒರಗಿಸಿ ಕೂಡಿಸಿದರು. ಎಡಕ್ಕೆ ಕಡಪಾ ಕಲ್ಲಿನ ಮೇಲೆ ಎರಡಡಿ ಉದ್ದದ ಗಾಜಿನ ತೊಟ್ಟಿ. ಗಾಳಿ ಮೋಟರಿನ ಗುಳ್ಳೆಗಳು ಗುಳುಗುಳು ಎಂದು ಮೇಲೆದ್ದು ಒಡೆಯುತ್ತಿದ್ದವು. ಜನ ಅತ್ತು ಸುಮ್ಮನಾದಾಗೆಲ್ಲ ಆ ಸದ್ದೊಂದೇ ಕೋಣೆಯಲ್ಲಿ ಉಳಿಯುತ್ತಿತ್ತು.

ಒಂಬತ್ತರ ಹೊತ್ತಿಗೆ ಎಮ್ಮಿಗನೂರಿನಿಂದ ಅಕ್ಕ ವಿರುಪಮ್ಮ ಬಂದಳು. ತಮ್ಮನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿದವಳು. ಹೊಸ್ತಿಲಲ್ಲೇ ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು.

"ಊರ ಹಾದಿಗೆಲ್ಲ ನೀರು ಹೊಡದ್ಯಲ್ಲೋ ನನ್ನಪ್ಪಾ! ನಿನ್ನ ಬಾಯಿಗೆ ನೀರು ಬಿಟ್ಟಾರೋ ಇಲ್ಲೋ ನನ್ನಪ್ಪಾ!"

"ಬಿಟ್ಟೀನ್ರಿ ಯಕ್ಕಾ" ಎಂದಳು ಭರಮಮ್ಮ, ಮೆಲ್ಲಗೆ. "ಎರಡು ಚಮಚ ಇಳೀತು. ಮೂರನೇದು ಹೊರಗ ಬಂತು."

ವಿರುಪಮ್ಮ ತಮ್ಮನ ಗಲ್ಲ ಸವರಿದಳು. ಉಸಿರಿದೆಯೋ ಎಂದು ಅವನ ಮೂಗಿಗೆ ಬೆರಳು ಹಿಡಿದು ನೋಡಿದಳು. ಎರಡು ಸಲ ಮೀಯಿಸಿದರೂ ಕಿವಿಯ ಹಿಂದೆ ಗಣಿ ಅದಿರಿನ ಕೆಂಪು ಧೂಳು ಇನ್ನೂ ಇತ್ತು. ಆಮೇಲೆ ಮನೆಯ ಹಿರಿಯಳಾಗಿ ಎದ್ದು, ಅಡುಗೆಮನೆಗೂ ಬಚ್ಚಲಿಗೂ ಹೋಗಿ ಬಂದಳು.

"ಎರಡು ಕೊಡ, ಒಂದು ಹಂಡೆ, ಒಂದು ಡ್ರಮ್ಮು. ಅಂವ ಹೊಸ್ತಿಲ ದಾಟಿದ ಕೂಡ್ಲೆ ಎಲ್ಲಾ ಚೆಲ್ಲಬೇಕು. ಸತ್ತ ಮನ್ಯಾಗ ಒಂದು ಹನಿ ಹಳೇ ನೀರು ಉಳೀಬಾರದು." ಅವಳ ಕಣ್ಣು ಗಾಜಿನ ತೊಟ್ಟಿಯ ಮೇಲೆ ನಿಂತಿತು. "ಇದೂ ನೀರ."

ಭರಮಮ್ಮನ ಕೈ ಗಂಡನ ಪಾದದಿಂದ ಜಾರಿತು.

*

ಮೈಲಾರಲಿಂಗಪ್ಪ ಹತ್ತೊಂಬತ್ತು ವರ್ಷ ನೀರಿನ ಟ್ಯಾಂಕರ್ ಓಡಿಸಿದವನು. ಸಂಡೂರಿನ ಗುಡ್ಡದಿಂದ ಅದಿರು ಹೊತ್ತು ಇಳಿಯುವ ಲಾರಿಗಳ ಹಾದಿಗೆ, ಧೂಳು ಏಳದಂತೆ ನೀರು ಹೊಡೆಯುವುದು ಅವನ ಕೆಲಸ. ಹೊಡೆದ ನೀರು ಅರ್ಧ ಗಂಟೆಯಲ್ಲಿ ಆರುತ್ತಿತ್ತು, ಧೂಳು ಮತ್ತೆ ಏಳುತ್ತಿತ್ತು, ಇವನು ಮತ್ತೆ ತುಂಬಿಸಿಕೊಂಡು ಬರುತ್ತಿದ್ದ. ಮೊದಲು ದಿನಕ್ಕೆ ನಾಲ್ಕು ಟ್ರಿಪ್ಪು. ಚೀನಾಕ್ಕೆ ಅದಿರು ಹೋಗತೊಡಗಿದ ಮೇಲೆ ಹದಿನಾಲ್ಕು. ಅಂಗಿ ಕೆಂಪು, ಬುತ್ತಿಯ ರೊಟ್ಟಿ ಕೆಂಪು, ಉಗುಳು ಕೆಂಪು. ಕೊನೆಗೆ ಎಕ್ಸ್‌ರೇ ಹಿಡಿದು ನೋಡಿದ ಡಾಕ್ಟರು, "ಇನ್ನ ಸಾಕು ಮಾಡ್ರಿ, ಎದೀ ತುಂಬಿ ಹೋಗೈತಿ" ಎಂದರು.

ಕೆಲಸ ಬಿಡುವ ವಾರವೇ ಗಣಿ ಧಣಿಯೊಬ್ಬರ ಹೊಸ ಬಂಗಲೆಗೆ ಅವನು ಕೊನೆಯ ಟ್ಯಾಂಕರ್ ನೀರು ಒಯ್ದಿದ್ದು. ಅಲ್ಲಿ ಗೋಡೆಯಗಲದ ಮೀನಿನ ತೊಟ್ಟಿ ಇತ್ತಂತೆ.

"ಒಂದು ಮೀನು ಬಾಯಿ ತೆಗೀತದ, ಮುಚ್ತದ. ತೆಗೀತದ, ಮುಚ್ತದ" ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದ. "ನೋಡ್ತಾ ನಿಂತೆ ನೋಡು ಭರಮೀ, ನನ್ನ ಉಸಿರು ಸಡ್ಲ ಆತು."

"ಮೀನು ಕೊಯ್ದು ಸಾರು ಮಾಡೋದು ಬಿಟ್ಟು ಮಾರಿ ನೋಡ್ತಾ ಕುಂದ್ರತಾರೇನು ಯಾರಾದ್ರೂ?" ಎಂದು ಅವಳು ನಕ್ಕಳು. ಆದರೂ ಮರುದಿನ ಜೊತೆಗೆ ಹೋದಳು.

ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಮುರುಗೇಶನ ಅಂಗಡಿ. ಮೈಲಾರಲಿಂಗಪ್ಪ ಮೊದಲು ಕೈ ಹಾಕಿದ್ದು ಕುಂಬಳಕಾಯಿಯಂಥ ದುಂಡನೆಯ ಗಾಜಿನ ಬಟ್ಟಲಿಗೆ.

"ಅದು ಬ್ಯಾಡಣ್ಣಾ. ನೋಡಾಕ ಚೆಂದ, ಬಾಯಿ ಸಣ್ಣದು. ಗಾಳಿ ಸಿಗಂಗಿಲ್ಲ, ಮೀನು ಒದ್ದಾಡ್ತಾವ."

ಗಾಳಿ ಸಿಗುವುದಿಲ್ಲ ಎಂದದ್ದೇ ಅವನು ಕೈ ಹಿಂದೆ ತೆಗೆದ. ಎರಡಡಿಯ ತೊಟ್ಟಿ ಆರಿಸಿದರು. ಅಡಿಗೆ ಹಾಸಲು ಥರ್ಮಾಕೋಲು, ಗಾಳಿ ಮೋಟರು, ಸ್ಪಂಜಿನ ಫಿಲ್ಟರು, ಧೂಳು ಬೀಳದಂತೆ ಒಂದು ಮುಚ್ಚಳ. ಬಿಸಿಲು ಬೀಳದ ಗೋಡೆಗಿಡಬೇಕು, ತುಂಬಿದ ಮೇಲೆ ಎತ್ತಬಾರದು ಎಂದು ಮುರುಗೇಶ ಹೇಳಿದ.

"ಎಲ್ಲಾ ಆತು. ಮೀನು ಕೊಡು."

"ಇವತ್ತಿಲ್ಲ. ನೀರು ಹಾಕಿ, ಮೋಟರ್ ಹಚ್ಚಿ, ಒಂದು ತಿಂಗಳು ಬಿಟ್ಟು ಬಾ. ನೀರು ಹದಕ್ಕ ಬರಬೇಕು."

"ಹದಕ್ಕ ಬರಾಕ ಅದೇನು ಹೊಲಾ ಏನಲೇ? ಹತ್ತೊಂಬತ್ತು ವರ್ಷ ನೀರಾಗ ಬದುಕೀನಿ, ನನಗ ನೀರಿನ ಪಾಠ ಹೇಳ್ತೀಯಾ?"

"ನೀ ಹೊಡದಿದ್ದು ಹಾದಿಗೆ ನೀರಣ್ಣಾ. ಇದು ಜೀವಕ್ಕ. ಮೀನಿನ ಹೊಲಸು ತಿಂದು ಅರಗಿಸೋ ಕಣ್ಣಿಗೆ ಕಾಣದ ಜೀವ ಇದರಾಗ ಹುಟ್ಟಬೇಕು. ಅವು ಇಲ್ಲಾಂದ್ರ ಹೊಸಾ ನೀರು ವಿಷ."

ಮೈಲಾರಲಿಂಗಪ್ಪ ತೊಟ್ಟಿಯೊಳಗೆ ಬಗ್ಗಿ ನೋಡಿದ. "ಹಂಗಾದ್ರ ಹಾಲಿಗೆ ಹೆಪ್ಪು ಹಾಕಿದಂಗ ಅನ್ನು."

"ಹ್ಞಾ! ಹೆಪ್ಪ ಅದು!" ಮುರುಗೇಶ ಖುಷಿಯಾಗಿ ತನ್ನ ತೊಟ್ಟಿಯ ಹಳೇ ಸ್ಪಂಜಿನಿಂದ ಒಂದು ತುಂಡು ಹರಿದು, ನೀರಿನ ಕವರಿನಲ್ಲಿ ಹಾಕಿ ಕೊಟ್ಟ. "ಮೀನು ಇಲ್ಲಾಂದ್ರೂ ದಿನಾ ಒಂದು ಚಿಟಿಕಿ ಮೇವು ಹಾಕು. ಆ ಕಾಣದಿದ್ದವಕ್ಕ."

ಕಂಪ್ಲಿ ಹೊಳೆಯ ಉಸುಕು ತರಿಸಿದ. ಬಕೀಟಿನಲ್ಲಿ ತೊಳೆದೂ ತೊಳೆದೂ ಹದಿನೇಳನೆಯ ನೀರಿಗೆ ಅದು ತಿಳಿಯಾಯಿತು. ಆಮೇಲೆ ಒಂದು ತಿಂಗಳು ದಿನವೂ ಬೆಳಿಗ್ಗೆ ಖಾಲಿ ನೀರಿಗೆ ಮೇವು ಹಾಕಿ ಕೂತು ನೋಡಿದ. ಪಕ್ಕದ ಮನೆಯ ಕರೆಮ್ಮ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದಳು: "ಜನಾ ದನಾ ಸಾಕ್ತಾರ, ಕೋಳಿ ಸಾಕ್ತಾರ. ಮೈಲಾರಪ್ಪ ನೀರು ಸಾಕ್ಯಾನ ನೋಡ್ರೆ!"

*

ಮಧ್ಯಾಹ್ನದ ಹೊತ್ತಿಗೆ ಮುರುಗೇಶ ಸೇವಂತಿಗೆಯ ಹಾರ ಹಿಡಿದು ಬಂದ. ಹಾರ ಹಾಕಿ, ಕೈ ಮುಗಿದು, ಅಭ್ಯಾಸಬಲದಿಂದ ತೊಟ್ಟಿಯ ಕಡೆಗೂ ಬಗ್ಗಿ ನೋಡಿದ.

"ನೀರು ಭಾಳ ಚಲೋ ಐತ್ರಿ" ಎಂದ, ಯಾರಿಗೋ ಎಂಬಂತೆ.

"ಅದನ್ನೂ ಚೆಲ್ಲತೀವಪಾ ಇವತ್ತು" ಎಂದಳು ವಿರುಪಮ್ಮ. "ಮೀನು ಬೇಕಾದ್ರ ಒಯ್ಯಿ."

"ಅಂಗಡ್ಯಾಗ ಒಂದು ವಾರದಿಂದ ರೋಗ ಬಂದೈತ್ರಿ, ಎಲ್ಲಾ ತೊಟ್ಟ್ಯಾಗೂ ಸಾಯಾಕತ್ತಾವ. ಅಲ್ಲಿಗೆ ಒಯ್ದ್ರ ಇವೂ ಹೋಗ್ತಾವ."

"ಹಂಗಾದ್ರ ಬಕೀಟಿನಾಗ ಹೊಸಾ ನೀರು ಹಿಡದು ಬಿಡ್ರಿ, ಮುಗೀತು."

ಮುರುಗೇಶ ಭರಮಮ್ಮನ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಹೊಸ ನೀರು ಏನು ಮಾಡುತ್ತದೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವರಿಬ್ಬರಿಗೆ ಮಾತ್ರ.

ಗಾದಿಲಿಂಗಪ್ಪ ತಾಳ ಕೈಗೆತ್ತಿಕೊಂಡ. ಓದಿ ಕಲಿತವನಲ್ಲ, ಹಿರಿಯರ ಬಾಯಿಂದ ಕೇಳಿ ಹಿಡಿದವನು. ದುಃಖ ಬಂದರೆ ತನ್ನದೂ ಒಂದು ನುಡಿ ಕೂಡಿಸುವವನು.

"ಮಣ್ಣಿನ ಕೊಡದಾಗ ನೀರಿಟ್ಟನೇ ಶಿವನು
ನೀರಿನ ನಡುವೀಗೆ ಉಸಿರಿಟ್ಟನೇ..."

ಮೇಳ ಆ ಸೊಲ್ಲನ್ನು ಎತ್ತಿಕೊಂಡಿತು. ಭರಮಮ್ಮ ಅಲ್ಲಿಗೆ ಅತ್ತಳು.

*

ಮೊದಲ ಸಲ ಐದು ಮೀನು ಬಂದು ಆರು ತಿಂಗಳಾದ ಮೇಲೆ ಯುಗಾದಿ. ಹಬ್ಬಕ್ಕೆ ಮನೆಯಲ್ಲಿ ಹಳೇ ನೀರು ಇಡಬಾರದೆಂಬುದು ಭರಮಮ್ಮನ ತವರಿನ ಪದ್ಧತಿ. ಗಂಡ ದವಾಖಾನೆಗೆ ಹೋಗಿದ್ದ. ಅವಳು ಕೊಡ ಬೆಳಗಿದಳು, ಹಂಡೆ ಬೆಳಗಿದಳು. ಗಾಜಿಗೆ ಹತ್ತಿದ್ದ ಪಾಚಿ ಕಂಡಿತು. ಮೀನುಗಳನ್ನು ಚೊಂಬಿಗೆ ಹಾಕಿ, ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಕಂದುಬಣ್ಣಕ್ಕೆ ತಿರುಗಿದ್ದ ಸ್ಪಂಜನ್ನು ಸೋಪು ಹಚ್ಚಿ ಹಿಂಡಿ, ಆಗಷ್ಟೇ ಬಂದ ನಳದ ನೀರು ತುಂಬಿಸಿದಳು. ತೊಟ್ಟಿ ಕನ್ನಡಿಯಂತೆ ಹೊಳೆಯಿತು. ಮೇಲೆ ಒಂದು ಚಿಟಿಕೆ ಅರಿಷಿಣ ಉದುರಿಸಿ ಕೈ ಮುಗಿದಳು.

ಅವನು ಬರುವ ಹೊತ್ತಿಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆಗೆಯುತ್ತಿದ್ದವು. ಸಂಜೆಗೆ ಐದೂ ಮಗ್ಗುಲಾದವು.

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ತೇಲುತ್ತಿದ್ದವುಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು, ತುಳಸಿ ಬುಡದಲ್ಲಿ ಮಣ್ಣು ಮಾಡಿ ಬಂದ.

"ನಾ ಚೊಕ್ಕ ಮಾಡಿದ್ನಿ ಅಷ್ಟ" ಎಂದಳು ಅವಳು ಅಳುತ್ತ.

"ಗೊತ್ತೈತಿ ಬಿಡು. ಮತ್ತ ಇಡೋಣು." ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಂಡ. "ಈ ಸಲ ನೀ ಇಡು. ನನಗ ಬಗ್ಗಾಕ ಆಗವಲ್ದು."

ಎರಡನೆಯ ಸಲ ಆ ಖಾಲಿ ನೀರಿಗೆ ತಿಂಗಳೊಪ್ಪತ್ತು ಮೇವು ಹಾಕಿದವಳು ಅವಳು. ಆಮೇಲೆ ಆರು ಮೀನು ತಂದು ಬಿಟ್ಟರು. ಕರೆಂಟು ಹೋದಾಗ ಲೋಟದಿಂದ ನೀರೆತ್ತಿ, ಮೇಲಿನಿಂದ ಸಣ್ಣಗೆ ಸುರಿದು ಗಾಳಿ ಬೆರೆಸುವುದನ್ನು ಅವನು ಹಾಸಿಗೆಯಿಂದಲೇ ಹೇಳಿಕೊಟ್ಟ.

"ಇನ್ನೊಂಚೂರು ಮ್ಯಾಲೆತ್ತು. ಹ್ಞಾ. ಬೀಳೋವಾಗ ಗಾಳೀನ ಎಳಕೊಂಡು ಬೀಳ್ತೈತಿ ಅದು." ಸುರಿಯುವುದನ್ನೇ ನೋಡುತ್ತ ಒಮ್ಮೆ ಅಂದಿದ್ದ: "ಅವಕ್ಕೂ ನನಗೂ ಒಂದ ರೋಗ ಭರಮೀ. ಗಾಳಿ ಸಾಲಂಗಿಲ್ಲ."

*

ಮೂರು ಗಂಟೆಗೆ ಎತ್ತಿದರು. ಓಣಿಯ ತುದಿಗೆ ಅದಿರು ಲಾರಿಗಳ ಸಾಲು. ಹೆಣ ದಾಟಲು ಜಾಗವಿರಲಿಲ್ಲ. ಯಾರೋ ಸತ್ತವನ ಹೆಸರು ಹೇಳಿದರು. ಒಬ್ಬ ಡ್ರೈವರ್ ಇಂಜಿನ್ ಬಂದ್ ಮಾಡಿ ಕೆಳಗಿಳಿದ, ಅವನ ಹಿಂದಿನವನೂ ಇಳಿದ. ಆಗ ಎಲ್ಲಿಂದಲೋ ಒಂದು ನೀರಿನ ಟ್ಯಾಂಕರ್ ಚಟ್ಟದ ಮುಂದೆ ಬಂದು, ಮೆಲ್ಲಗೆ ನೀರು ಬಿಡುತ್ತ ಮಸಣದ ಹಾದಿ ಹಿಡಿಯಿತು.

"ಇವತ್ತೊಂದಿನ ಅಣ್ಣಗ ಧೂಳು ಹತ್ತಬಾರದು" ಎಂದ ಗಾದಿಲಿಂಗಪ್ಪ, ಹೆಗಲು ಕೊಡುತ್ತ.

ಹೆಂಗಸರು ಅಲ್ಲಿಂದಲೇ ಹಿಂದಿರುಗಿದರು.

ವಿರುಪಮ್ಮ ಸೆರಗು ಕಟ್ಟಿ ಕೆಲಸಕ್ಕಿಳಿದಳು. ಕೊಡಗಳನ್ನು ಅಂಗಳಕ್ಕೆ ಬೋರಲು ಹಾಕಿದಳು. ಹಂಡೆ ಉರುಳಿಸಿದಳು. ಡ್ರಮ್ಮಿನ ನೀರು ಗಟಾರಕ್ಕೆ ಹರಿಯಿತು. ಕರೆಮ್ಮ ನೆಲ ತೊಳೆದಳು. ಅವನು ಕೂತಿದ್ದ ಜಾಗದಲ್ಲಿ ಹಿಟ್ಟು ಹಾಸಿ ದೀಪ ಹಚ್ಚಿಟ್ಟರು. ಕೊನೆಗೆ ವಿರುಪಮ್ಮ ಖಾಲಿ ಬಕೀಟು, ಒಂದು ಮಗ್ಗು ಹಿಡಿದು ತೊಟ್ಟಿಯ ಮುಂದೆ ಬಂದಳು. ಮುಚ್ಚಳ ತೆಗೆದಳು.

ಭರಮಮ್ಮ ಎದ್ದು ಅಡ್ಡ ನಿಂತಳು.

"ಯಕ್ಕಾ, ಅದೊಂದು ಬಿಡ್ರಿ."

"ಹುಚ್ಚಿ ಆಗಬ್ಯಾಡ. ನೀರು ಉಳಿದ್ರ ಜೀವ ಬಿಟ್ಟು ಹೋಗಂಗಿಲ್ಲ. ಬಾಯಾರಿ ಬಾಯಾರಿ ತಿರುಗಿ ಮನೀಗೆ ಬರ್ತಾನ."

"ಬರ್ಲಿ."

ಮಗ್ಗು ಹಿಡಿದ ಕೈ ನಿಂತಿತು.

"ಬಂದ್ರ ಬರ್ಲಿ, ಯಕ್ಕಾ. ಇಲ್ಲೇ ಕುಂತು ಕುಡುದು ಹೋಗ್ಲಿ. ಹತ್ತೊಂಬತ್ತು ವರ್ಷ ಹಾದಿಗೆ ಹೊಡದ ನೀರೆಲ್ಲಾ ಆರಿ ಹೋತು. ಕೂಡಿಟ್ಟಿದ್ದು ಇದೊಂದ. ಒಮ್ಮಿ ಇದನ್ನ ನಾನ ಚೆಲ್ಲೀನಿ. ಐದೂ ಸತ್ತವು. ಒಂದು ಮಾತು ಅನ್ನಲಿಲ್ರಿ ನನಗ. ಮತ್ತ ಚೆಲ್ಲಿ, ಯಾವ ಮಾರಿ ಹೊತ್ತುಕೊಂಡು ಈ ಮನ್ಯಾಗಿರ್ಲಿ?"

ಅಷ್ಟರಲ್ಲಿ ಕರೆಂಟು ಹೋಯಿತು.

ಗುಳುಗುಳು ನಿಂತಿತು. ಬೆಳಿಗ್ಗೆಯಿಂದ ಅತ್ತವರ ಹಿಂದೆ, ಹಾಡಿದವರ ಹಿಂದೆ ಇದ್ದ ಸದ್ದು. ಈಗ ಇಲ್ಲ. ಮನೆಯಲ್ಲಿ ಒಬ್ಬನಿಲ್ಲ ಎಂಬುದು ಆಗ ಎಲ್ಲರಿಗೂ ಕೇಳಿಸಿತು.

"ಬಾರವ್ವಾ, ಮೈ ತೊಳಕೋಬಾ. ಸೂತಕದ ಮೈಯಾಗ ನಿಂದ್ರಬ್ಯಾಡ" ಎಂದು ಕರೆಮ್ಮ, ತನ್ನ ಮನೆಯಿಂದ ಹೊತ್ತು ತಂದ ನೀರಿನ ಕೊಡ ತೋರಿಸಿ, ಭರಮಮ್ಮನ ರಟ್ಟೆ ಹಿಡಿದು ಬಚ್ಚಲಿಗೆ ಕರೆದೊಯ್ದಳು. ಹೋಗುವಾಗ ಅವಳು ಮೂರು ಸಲ ತಿರುಗಿ ನೋಡಿದಳು.

ಕೋಣೆಯಲ್ಲಿ ವಿರುಪಮ್ಮನೊಬ್ಬಳೇ ಉಳಿದಳು. ಮೀನುಗಳು ಒಂದೊಂದಾಗಿ ಮೇಲಕ್ಕೆ ಬಂದವು. ನೀರಿನಂಚಿಗೆ ಬಾಯಿ ಹಚ್ಚಿ ತೆಗೆದವು, ಮುಚ್ಚಿದವು. ಹೋದ ತಿಂಗಳು ಅವಳು ಬಂದಾಗ, ಕರೆಂಟು ಹೋದರೆ ಭರಮಮ್ಮ ಲೋಟದಿಂದ ನೀರೆತ್ತಿ ಸುರಿಯುತ್ತಿದ್ದಳು, ತಮ್ಮ ದಿಂಬಿಗೊರಗಿ ಈ ಮೀನುಗಳ ಹಾಗೆಯೇ ಬಾಯಿ ತೆಗೆಯುತ್ತಿದ್ದ. ಆಗ ಅವಳು ಅವನ ಬೆನ್ನು ನೀವುತ್ತ ಮೂರು ದಿನ ಕೂತಿದ್ದಳು. ಕೈಯಿಂದ ಬೇರೇನೂ ಆಗಿರಲಿಲ್ಲ.

ಹೊತ್ತು ಮುಳುಗುವ ಮುಂಚೆ ಗಂಡಸರು ಹೊಳೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ದೀಪ ನೋಡಿ ಹೋಗಲು ಬಂದರು. ಗಾದಿಲಿಂಗಪ್ಪ ಹೊಸ್ತಿಲಲ್ಲೇ ನಿಂತ. ಅವನ ಹಿಂದಿನವರೂ ನಿಂತರು.

ಬಕೀಟು ಮೂಲೆಯಲ್ಲಿ ಬೋರಲು ಬಿದ್ದಿತ್ತು. ವಿರುಪಮ್ಮ ತೊಟ್ಟಿಯ ಮುಂದೆ ನಿಂತು, ಮಗ್ಗಿನಲ್ಲಿ ಅದೇ ನೀರನ್ನು ಎತ್ತಿ ಅದಕ್ಕೇ ಸುರಿಯುತ್ತಿದ್ದಳು. ಎತ್ತುವುದು, ಸುರಿಯುವುದು. ಒಂದು ಹನಿ ಹೊರಗೆ ಬೀಳದ ಹಾಗೆ ಎಡಗೈ ಅಡ್ಡ ಹಿಡಿದಿದ್ದಳು.

ಅಡುಗೆಮನೆಯ ಬಾಗಿಲಲ್ಲಿ ಭರಮಮ್ಮ ಒದ್ದೆ ಕೂದಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಇನ್ನೊಂಚೂರು ಮ್ಯಾಲೆತ್ರಿ, ಯಕ್ಕಾ" ಎಂದಳು.

ವಿರುಪಮ್ಮ ತಿರುಗಿ ನೋಡಲಿಲ್ಲ. ಕೈಯನ್ನು ತಲೆಯ ಮಟ್ಟಕ್ಕೆ ಎತ್ತಿದಳು. ನೀರು ಸಣ್ಣ ದಾರವಾಗಿ ದೀಪದ ಬೆಳಕನ್ನು ಹಾದು ಇಳಿಯಿತು, ಇಳಿದಲ್ಲಿ ಗುಳ್ಳೆಗಳೆದ್ದವು, ಗುಳ್ಳೆಗಳ ಸುತ್ತ ಆರು ಮೀನುಗಳು ಬಂದು ಕೂಡಿದವು.